ಸ್ವಂತ ಕೂದಲಿನ ರಾಣಿಯ ಮಗಳು

ಹಾಸನದ ಸೀಮೆಯ ಚರಿತ್ರೆ ಬರೆಯುವವರು ಶಾಸನ, ದೇವಾಲಯ, ದಂಡಯಾತ್ರೆ ಎಂದೆಲ್ಲ ಬರೆದು ಸುಮ್ಮನಾಗುತ್ತಾರೆ. ೧೯೩೮ರ ಬೇಸಿಗೆಯಲ್ಲಿ ನಾಲ್ಕು ಊರುಗಳ ನೆಮ್ಮದಿ ಕದಡಿದ ಒಂದು ಮಹಾ ಪ್ರಶ್ನೆಯನ್ನು ಅವರು ಕೈಬಿಟ್ಟಿರುವುದು ಕ್ಷಮಿಸುವಂಥದ್ದಲ್ಲ. ಪ್ರಶ್ನೆ ಇಷ್ಟೇ: ಒಂದು ಒದ್ದೆ ಬಟ್ಟೆಯ ಯಾವ ಮಗ್ಗುಲಲ್ಲಿ ಹೆಂಗಸರು ಕೂರಬೇಕು?

ಬಟ್ಟೆ ಪುಟ್ಟಸ್ವಾಮಿಯದು. ಹಿರೀಸಾವೆಯ ಈ ಹುಡುಗ ಮೈಸೂರಿನಲ್ಲಿ ಬಿ.ಎ. ಮಾಡಿ, ಗುಮಾಸ್ತಗಿರಿಗೆ ಕೈಮುಗಿದು, ಒಂದು ಮ್ಯಾಜಿಕ್ ಲ್ಯಾಂಟರ್ನ್ ಸಂಪಾದಿಸಿಕೊಂಡಿದ್ದ. ಮೈಸೂರಿನ ನಾಟಕ ಮಂದಿರಗಳ ಹಳೆಯ ಫೋಟೋಗಳನ್ನು ಗಾಜಿಗೆ ಇಳಿಸಿ, ಬಿಳಿ ಬಟ್ಟೆಯ ಮೇಲೆ ಹತ್ತಡಿ ಎತ್ತರಕ್ಕೆ ಬಿಟ್ಟು, ಅಲ್ಲಿ ನಡೆದ ಆಟಗಳ ಕಥೆ ಹೇಳುತ್ತಿದ್ದ. ರೈಲು ಹತ್ತದೆಯೇ ಮೈಸೂರಿನ ರಂಗಮಂದಿರಗಳ ಯಾತ್ರೆ!

ಗಂಡಸರು ಬಟ್ಟೆಯ ಮುಂದೆ. ಹೆಂಗಸರು ಹಿಂದೆ. ಬಟ್ಟೆ ಒದ್ದೆಯಾಗಿದ್ದರೆ ಚಿತ್ರ ಆಚೆಗೂ ಮೂಡುತ್ತದೆ. ಎಡ ಬಲವಾಗಿ, ಬಲ ಎಡವಾಗಿ. ಬಟ್ಟೆ ನೆನೆಸುವ ನೀರಿನ ಹಂಡೆಗಳೂ ಹೆಂಗಸರ ಕಡೆಯೇ, ಚಿತ್ರದ ಕೆಳಮೂಲೆಗೆ ಸರಿಯಾಗಿ ಅಡ್ಡ. ಇದರಲ್ಲಿ ತಪ್ಪಿದೆ ಎಂದು ಯಾವ ಗಂಡಸಿಗೂ ಅನ್ನಿಸಿರಲಿಲ್ಲ.

ಹಾಸನದ ಅಕ್ಕಿ ಗಿರಣಿಯ ಅಂಗಳ. ದೀಪ ಹಚ್ಚುವ ಹೊತ್ತು. ಮೂರನೆಯ ಚಿತ್ರ ಮೂಡಿತು.

“ಇದೇ ನೋಡಿ ಇಂದ್ರವಿಲಾಸ ನಾಟಕ ಮಂದಿರ! ಇಪ್ಪತ್ತೈದು ವರ್ಷದ ಹಿಂದೆ ಇಲ್ಲಿ ರಾಣಿ ಪಾರ್ಟು ಯಾರದು ಗೊತ್ತೇ? ಹೊಳೆನರಸೀಪುರದ ಕಡೆಯ ಸಣ್ಣಯ್ಯ ಅನ್ನೋ ಗಂಡಸಿನದು. ಚೌರಿ ಇಲ್ಲ, ಗೀರಿ ಇಲ್ಲ, ಮಂಡಿಯುದ್ದ ಸ್ವಂತ ಕೂದಲು! ‘ಸ್ವಂತ ಕೂದಲಿನ ರಾಣಿ’ ಅಂತ ಹ್ಯಾಂಡ್‌ಬಿಲ್ಲಿನಲ್ಲೇ ಅಚ್ಚು ಹಾಕ್ತಿದ್ರು. ರಾಣಿ ತುರುಬು ಬಿಚ್ಚಿದರೆ ಜನ ‘ಒನ್ಸ್ ಮೋರ್’ ಅಂತ ಕೂಗೋರು. ಮತ್ತೆ ಕಟ್ಟಬೇಕು, ಮತ್ತೆ ಬಿಚ್ಚಬೇಕು!”

ಜನ ನಕ್ಕರು. ಪುಟ್ಟಸ್ವಾಮಿ ದನಿ ತಗ್ಗಿಸಿದ.

“ಒಂದು ಶನಿವಾರ. ಮೂರನೇ ಅಂಕ. ರಾಜ ‘ಪ್ರಿಯೇ’ ಅಂತ ಕರೀತಾನೆ... ಪ್ರಿಯೆ ಎಲ್ಲಿ? ಹಿತ್ತಲ ಬಾಗಿಲಿಂದ ಪರಾರಿ! ಮತ್ತೆ ಮೈಸೂರಿಗೆ ಮುಖ ತೋರಿಸಿದ್ದರೆ ಕೇಳಿ!”

“ಸುಳ್ಳು!”

ದನಿ ಬಂದದ್ದು ಇಂದ್ರವಿಲಾಸದ ಮಹಡಿಯ ಕಿಟಕಿಯಿಂದ.

“ಲೇ, ಚಿತ್ರ ಮಾತಾಡ್ತು ಕಣ್ಲಾ!” ಎಂದು ಮುಂದಿನ ಸಾಲಿನವನೊಬ್ಬ ಎದ್ದು ಕೈಮುಗಿದೇ ಬಿಟ್ಟ.

ಪುಟ್ಟಸ್ವಾಮಿಯ ಕೈಕೋಲು ಗಾಳಿಯಲ್ಲೇ ನಿಂತಿತು. “ಯಾ... ಯಾರದು ಒಳಗೆ?”

“ಒಳಗಲ್ಲ, ಹಿಂದೆ! ನಮ್ಮನ್ನ ಇಲ್ಲಿ ಕೂರಿಸಿರೋರು ನೀವೇ ಅಲ್ವೇನ್ರೀ? ನಾನು ಸಣ್ಣಯ್ಯನವರ ಮಗಳು, ಕಾಮಾಕ್ಷಿ. ಅವತ್ತು ನಮ್ಮ ತಾತ ತೀರಿಕೊಂಡ ತಂತಿ ಬಂತು. ಅಪ್ಪ ತಂತೀನ ಸೊಂಟಕ್ಕೆ ಸಿಕ್ಕಿಸ್ಕೊಂಡು, ಮಂಗಳ ಹಾಡೋವರೆಗೂ ಪಾರ್ಟು ಮಾಡಿ, ಆಮೇಲೆ ಊರಿಗೆ ಬಂದ್ರು. ಹಿರೀಮಗ, ಕೊಳ್ಳಿ ಇಟ್ಟು ತಲೆ ಬೋಳಿಸಿಕೊಂಡ್ರು. ತಿಥಿ ಮುಗಿಸಿ ವಾಪಸ್ ಅದೇ ಮಂದಿರಕ್ಕೇ ಹೋದ್ರು. ಬೋಳುತಲೆ ರಾಣಿ ಬೇಡ ಅಂದೋರು ಕಂಪನಿಯೋರು! ಆರು ತಿಂಗಳು ಪರದೆ ಹಗ್ಗ ಎಳೆಸಿದ್ರು!”

“ಆ ಕಂಪನಿ ಯಜಮಾನರೇ ನನ್ನ ಹತ್ತಿರ ಹೇಳಿದ್ದು, ಮತ್ತೆ ಬರಲೇ ಇಲ್ಲ ಅಂತ. ಹ್ಯಾಂಡ್‌ಬಿಲ್ಲೂ ಇದೆ. ಅವತ್ತು ಹೋದಮೇಲೆ ನಿಮ್ಮ ತಂದೆ ಹೆಸರಿಗೆ ಬಿಳಿ ಚೀಟಿ ಅಂಟಿಸಿದ್ದಾರೆ. ವಾಪಸ್ ಬಂದಿದ್ದಕ್ಕೆ ಸಾಕ್ಷಿ ತನ್ನಿ, ತಿದ್ದಿ ಹೇಳ್ತೀನಿ.”

“ಮಗಳ ಮಾತು ಸಾಕ್ಷಿ ಅಲ್ವಾ?”

“ನೀವು ಆಗ ಹುಟ್ಟಿದ್ರಾ?”

ಮತ್ತೆ ನಗು! ಕಾಮಾಕ್ಷಿಗೆ ಕಿವಿ ಬಿಸಿಯಾಯಿತು. ಅವಳಿಗೆ ಕಾಣುತ್ತಿದ್ದದ್ದು ಬಟ್ಟೆಯ ಮೇಲೆ ಅವನ ನೆರಳು ಮಾತ್ರ. ‘ಎಂಥ ಸೊಕ್ಕು ಈ ನೆರಳಿಗೆ!’ ಎಂದುಕೊಂಡಳು. ‘ದನಿ ಮಾತ್ರ... ಇರಲಿ, ದನಿಯ ವಿಚಾರ ಈಗ ಯಾಕೆ?’

ಕಾಮಾಕ್ಷಿ ಹಾಸನದ ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳುತ್ತಿದ್ದಳು. ಸೋದರತ್ತೆ ನಂಜಮ್ಮನ ಮನೆಯಲ್ಲಿ ವಾಸ. ತಂದೆ ಸಣ್ಣಯ್ಯ ಹೊಳೆನರಸೀಪುರದಲ್ಲಿ ನಾಟಕದ ಹುಡುಗರಿಗೆ ಮೇಷ್ಟ್ರು. ತಾಯಿ ಇಲ್ಲದ ಮನೆಗೆ ಆ ಮೇಷ್ಟ್ರುತನವೇ ದೀಪ. ಆತನಿಗೆ ಒಂದು ಅಭ್ಯಾಸ. ಏನಾದರೂ ಯೋಚಿಸುತ್ತ ಕೂತರೆ ಬಲಗೈ ತಾನೇ ಎಡ ಭುಜಕ್ಕೆ ಹೋಗಿ, ಇಲ್ಲದ ಜಡೆಯನ್ನು ಮುಂದಕ್ಕೆ ತಂದುಕೊಂಡು ನೇವರಿಸುತ್ತಿತ್ತು. ಕೂದಲು ಮತ್ತೆ ಬೆಳೆಸಲಿಲ್ಲ. ಕೈ ಮಾತ್ರ ಮರೆಯಲಿಲ್ಲ.

ಮರುದಿನ ಕಾಮಾಕ್ಷಿ, ನಂಜಮ್ಮ ಸಣ್ಣಯ್ಯನನ್ನು ನೋಡಲು ಹೊರಟಿದ್ದ ಹೊಳೆನರಸೀಪುರದ ರೈಲಿನಲ್ಲಿ ನೆರಳು ಮನುಷ್ಯನಾಗಿ ಎದುರಿಗೇ ಬಂದು ಕೂತಿತು. ಮಡಿಲಲ್ಲಿ ಲ್ಯಾಂಟರ್ನಿನ ಪೆಟ್ಟಿಗೆ.

“ನೀನೇನಪ್ಪಾ ಆ ಬಟ್ಟೆಯೋನು?” ನಂಜಮ್ಮ ಶುರುಮಾಡಿದಳು. “ಸತ್ತಿದ್ದು ನಮ್ಮಯ್ಯ ಕಣಪ್ಪ. ನಮ್ಮಣ್ಣ ತಲೆ ಬೋಳಿಸ್ಕಂಡಾಗ ಆ ಜಡೇನ ಹೊಳೇಗೆ ಬುಟ್ಟೋಳು ನಾನು. ನಿನ್ ಯಜಮಾನ ಬಂದಿದ್ನಾ ಅಲ್ಲಿ?”

ಪುಟ್ಟಸ್ವಾಮಿ ಪೆಟ್ಟಿಗೆಯನ್ನು ನೋಡಿದ, ಕಿಟಕಿಯನ್ನು ನೋಡಿದ, ಕೊನೆಗೆ ಕಾಮಾಕ್ಷಿಯನ್ನು ನೋಡಿದ. ನೋಡಿದ್ದು ತಪ್ಪಾಯಿತೆಂದು ಅವನಿಗೇ ತಿಳಿಯಿತು. ಮತ್ತೆ ಕಿಟಕಿಗೆ ತಿರುಗಲು ಆಗಲಿಲ್ಲ.

“ಸಾಕ್ಷಿ ಸಿಗೋವರೆಗೂ ಆ ಕಥೆ ಹೇಳಲ್ಲ. ಮಾತು ಕೊಟ್ಟೆ.”

“ನಿಜವಾಗ್ಲೂ?”

“ನಿಮ್ಮೂರಲ್ಲೇ ಪರೀಕ್ಷೆ ಮಾಡಿ.”

ಅಂದು ರಾತ್ರಿ ಹೊಳೆನರಸೀಪುರದಲ್ಲಿ ಅವಳು ಪರೀಕ್ಷೆ ಮಾಡಲು ಕೂತಳು. ಮತ್ತೆ ಬಟ್ಟೆಯ ಹಿಂದೆ, ಹಂಡೆಗಳ ಪಕ್ಕದಲ್ಲಿ.

ಮೂರನೆಯ ಚಿತ್ರ. “ಇದು ಇಂದ್ರವಿಲಾಸ. ಕಂಬಗಳ ಕೆತ್ತನೆ ನೋಡಿ...” ಅಷ್ಟರಲ್ಲಿ ಗದ್ದಲ. “ಓಡಿಹೋದ ರಾಣಿ ಕಥೆ ಹೇಳಿ ಸಾ!” ಶಿಳ್ಳೆ. ಆಮೇಲೆ ಅದೇ ದನಿ, ಅದೇ ಏರಿಳಿತ: “ಒಂದು ಶನಿವಾರ... ರಾಜ ‘ಪ್ರಿಯೇ’ ಅಂತ ಕರೀತಾನೆ... ಪ್ರಿಯೆ ಎಲ್ಲಿ?”

ಅಂಗಳವೆಲ್ಲ ನಕ್ಕಿತು. ಅದು ಅಪ್ಪನ ಊರು... ಅಪ್ಪನ ಶಿಷ್ಯರೇ ಮುಂದಿನ ಸಾಲಿನಲ್ಲಿ!

ಕಾಮಾಕ್ಷಿ ಎದ್ದು ಹೊರಟೇಹೋದಳು. ಮಾತು ಕೊಟ್ಟ ಬಾಯಿ ಒಂದು ಹಗಲೂ ತಾಳಲಿಲ್ಲವಲ್ಲ!

ಬೆಳಿಗ್ಗೆ ಸಣ್ಣಯ್ಯನ ಮನೆಗೆ ಗುಂಡಯ್ಯ ಬಂದ. ನಾಟಕದ ಸಂಘಕ್ಕೆ ಮುಖ್ಯಸ್ಥ, ಯಾರ ದನಿ ಬೇಕಾದರೂ ಅನುಕರಿಸುವುದರಲ್ಲಿ ನಿಸ್ಸೀಮ. ಅಂಗಳದಲ್ಲೇ ನಿಂತು, “ಮೇಷ್ಟ್ರೇ, ಈ ಸಲದ ನಾಟ್ಕ ನಾವೇ ನೋಡ್ಕತೀವಿ. ಅರ್ಧ ಆಟದಾಗೆ ಬುಟ್ಟೋಗೋರು ಮೇಷ್ಟ್ರಾದ್ರೆ ಉಡುಗ್ರು ಏನು ಕಲಿತಾವೆ?” ಎಂದು ಹೇಳಿ ಹೋದ.

ಸಣ್ಣಯ್ಯ ಜಗಲಿಯ ಮೇಲೆ ಕೂತ. ಬಲಗೈ ಎಡ ಭುಜಕ್ಕೆ ಹೋಯಿತು.

“ಬುಡವ್ವ. ನಾನು ಓಡೋಗ್ಲಿಲ್ಲ ಅನ್ನೋದು ನಂಗೊತ್ತಲ್ಲ, ಸಾಕು.”

“ನಂಗೆ ಸಾಲದಪ್ಪ!” ಎಂದಳು ಕಾಮಾಕ್ಷಿ. ಕಣ್ಣೀರು ಬಂದದ್ದು ದುಃಖಕ್ಕಲ್ಲ, ಕೋಪಕ್ಕೆ.

ಅರಕಲಗೂಡಿನ ಬಸ್ ನಿಲ್ದಾಣದಲ್ಲಿ ಪುಟ್ಟಸ್ವಾಮಿ ಗಾಜುಗಳನ್ನು ಪಂಚೆಯಲ್ಲಿ ಸುತ್ತಿಕೊಂಡು ಇಳಿಯುತ್ತಿದ್ದ. ಎದುರಿಗೆ ಅವನನ್ನೇ ಹುಡುಕಿಕೊಂಡು ಬಂದ ಕಾಮಾಕ್ಷಿ, ಹಿಂದೆ ಏದುಸಿರು ಬಿಡುತ್ತ ನಂಜಮ್ಮ.

“ನಾಚಿಕೆ ಆಗಲ್ವಾ ನಿಮಗೆ? ಬಿ.ಎ. ಓದಿ ಕಲಿತಿದ್ದು ಇದೇನಾ? ನಮ್ಮಪ್ಪನ ಕೆಲಸ ಹೋಯ್ತು! ನಿಮಗೆ ಒಂದು ನಗು ಸಿಕ್ತು!”

“ನಾನು ಹೇಳಲಿಲ್ಲ ಕಾಮಾಕ್ಷಮ್ಮ. ಜನ ಕೂಗಿದ್ರು, ನಾನು ಆಗಲ್ಲ ಅಂದೆ. ಯಾರೋ ಗುಂಡಯ್ಯ ಅನ್ನೋರು ಎದ್ದು ನಿಂತು ನನ್ನ ಹಾಗೇ ಹೇಳಿಬಿಟ್ರು. ಹಾಸನದಲ್ಲಿ ಕೇಳಿದ್ರಂತೆ.”

“ನಿಮ್ಮ ದನಿ ನಂಗೆ ಗೊತ್ತಾಗಲ್ವಾ?”

“ದನಿ ಕೇಳಿದ್ರಿ. ಬಾಯಿ ಯಾರದು ಅಂತ ನೋಡಿದ್ರಾ?”

“ಹೇಗ್ರೀ ನೋಡೋದು? ಬಟ್ಟೆ ಹಿಂದೆ ಕೂರಿಸಿ, ಮುಂದೆ ಹಂಡೆ ಇಟ್ಟು, ನೋಡಿದ್ರಾ ಅಂತ ಬೇರೆ ಕೇಳ್ತೀರಾ?”

ಪುಟ್ಟಸ್ವಾಮಿ ಗಾಜುಗಳ ಗಂಟನ್ನು ಮೆಲ್ಲಗೆ ಕೆಳಗಿಟ್ಟ. ಊರೂರಿಗೆ ಭಾಷಣ ಮಾಡುವವನಿಗೆ ನಿಂತು ಬೈಸಿಕೊಳ್ಳುವುದು ಹೊಸ ಅನುಭವ.

“ಸರಿ,” ಎಂದ. “ಚನ್ನರಾಯಪಟ್ಟಣಕ್ಕೆ ಬನ್ನಿ. ನನ್ನ ಬಾಯಿ ಕಾಣೋ ಕಡೆ ಕೂರಿಸ್ತೀನಿ. ನಿಮ್ಮನ್ನ ಮಾತ್ರ ಅಲ್ಲ, ಎಲ್ಲ ಹೆಂಗಸರನ್ನೂ.”

“ನಂಬಬೇಕಾ?”

“ಬೇಡ. ನೋಡಿ.”

ಚನ್ನರಾಯಪಟ್ಟಣದ ಹಿರಿಯರು ಕೆರಳಿದರು. “ಎಂಗಸ್ರು ಮುಂದ್ಗಡೆ ಕೂತ್ರೆ ನಾವೇನು ಹಂಡೆ ಕಾಯೋದಾ? ನಾಳೆ ಒಲೆ ಮುಂದಕ್ಕೂ ನಾವೇ ಓಗ್ಬೇಕಾ?”

“ಓಗಿ! ಒಂದಿನ ಒಲೆ ವಗೆ ಕುಡೀರಿ, ಏನ್ ಸಾಯಕ್ಕಿಲ್ಲ!” ಎಂದು ನಂಜಮ್ಮ ಮೊದಲ ಸಾಲಿನಲ್ಲಿ ಚಾಪೆ ಹಾಸಿ ಕೂತೇ ಬಿಟ್ಟಳು. ಅವಳ ಹಿಂದೆ ಮೂವತ್ತು ಹೆಂಗಸರು ಕೂತರು. ನಾಲ್ಕು ಮಂದಿ ಹಿರಿಯರು ಪ್ರತಿಭಟಿಸಿ ಹೊರಟು, ಗೇಟಿನ ಹತ್ತಿರ ನಿಂತು ಅಲ್ಲಿಂದಲೇ ನೋಡಿದರು.

ಮೂರನೆಯ ಚಿತ್ರ ಮೂಡಿತು. ಇಂದ್ರವಿಲಾಸ, ಕಾಮಾಕ್ಷಿಯ ಕಣ್ಣಿಗೆ ಮೊದಲ ಬಾರಿಗೆ ನೆಟ್ಟಗೆ. ಕಂಬ, ಕಮಾನು, ಮಹಡಿಯ ಕಿಟಕಿ... ಕೆಳಗೆ, ಇಷ್ಟು ದಿನ ಹಂಡೆ ಮುಚ್ಚಿದ್ದ ಮೂಲೆಯಲ್ಲಿ, ಮೆಟ್ಟಿಲು. ಮೆಟ್ಟಿಲ ಮೇಲೆ ಒಬ್ಬ ಬೋಳುತಲೆಯವನು ಕೂತಿದ್ದ. ಪಕ್ಕದಲ್ಲಿ ಹಗ್ಗದ ಸುರುಳಿ. ಅವನ ಬಲಗೈ...

ಕಾಮಾಕ್ಷಿ ಎದ್ದು ನಿಂತಳು.

ಅವನ ಬಲಗೈ ಎಡ ಭುಜದ ಮೇಲಿತ್ತು. ಬೆರಳುಗಳು ಏನೋ ಹಿಡಿದಂತೆ ಬಾಗಿದ್ದವು. ಹಿಡಿದದ್ದು ಏನೂ ಇರಲಿಲ್ಲ.

“ಅಪ್ಪ!”

ಈ ಸಲ ಯಾರೂ ನಗಲಿಲ್ಲ. ಪುಟ್ಟಸ್ವಾಮಿ ಕೋಲು ಕೆಳಗಿಟ್ಟು ಬಟ್ಟೆಯ ಹತ್ತಿರ ಹೋದ. ಬೋಳುತಲೆಯ ಮೇಲ್ಗಡೆ ಗೋಡೆಗೆ ಒಂದು ಹಲಗೆ. ಹಲಗೆಯ ಮೇಲೆ ಹ್ಯಾಂಡ್‌ಬಿಲ್ಲು. ‘ಸ್ವಂತ ಕೂದಲಿನ ರಾಣಿ’. ಅದರ ಕೆಳಗೆ, ಹೆಸರು ಇರಬೇಕಾದ ಕಡೆ, ಬಿಳಿ ಚೀಟಿ.

ಹೆಸರು ಮುಚ್ಚಿದ ಕಾಗದದ ಕೆಳಗೇ ಹೆಸರಿನ ಮನುಷ್ಯ ಕೂತಿದ್ದ!

“ನೂರು ಸಲ ತೋರಿಸಿದೀನಿ ಈ ಚಿತ್ರನ,” ಎಂದ ಪುಟ್ಟಸ್ವಾಮಿ. “ಕಟ್ಟಡ ನೋಡಿದೆ. ಮನುಷ್ಯನ್ನ ನೋಡಲಿಲ್ಲ. ತಿರುಪತಿಗೆ ಹೋಗಿ ಬಂದ ಯಾರೋ ಅಂದ್ಕೊಂಡಿದ್ದೆ. ಅವರು ವಾಪಸ್ ಬಂದಿದ್ರು... ಯಜಮಾನರು ಹೇಳಿದ್ದು ಸುಳ್ಳು, ನಾನು ಹೇಳಿದ್ದೂ ಸುಳ್ಳು!”

“ಇಲ್ಲಿ ಹೇಳಿದ್ರೆ ಏನು ಬಂತು?” ಕಾಮಾಕ್ಷಿ ಇನ್ನೂ ನಿಂತೇ ಇದ್ದಳು. “ಕೆಲಸ ಹೋಗಿದ್ದು ಹೊಳೆನರಸೀಪುರದಲ್ಲಿ!”

ಮೂರನೆಯ ದಿನ ಹೊಳೆನರಸೀಪುರದ ಅದೇ ಅಂಗಳ, ಅದೇ ಬಟ್ಟೆ. ಹೆಂಗಸರು ಮುಂದೆ. ಎಲ್ಲರಿಗಿಂತ ಮುಂದೆ, ಮಗಳು ಬಲವಂತವಾಗಿ ಕರೆತಂದು ಕೂರಿಸಿದ್ದ ಸಣ್ಣಯ್ಯ.

ಪುಟ್ಟಸ್ವಾಮಿ ಕಥೆ ಹೇಳಲಿಲ್ಲ. ಮೂರನೆಯ ಗಾಜನ್ನು ಸುಮ್ಮನೆ ಹಾಕಿ, ಕೋಲಿನಿಂದ ಮೊದಲು ಹಲಗೆ ತೋರಿಸಿದ, ಆಮೇಲೆ ಮೆಟ್ಟಿಲು ತೋರಿಸಿದ.

ಸಣ್ಣಯ್ಯ ತನ್ನನ್ನೇ ನೋಡಿದ. ಬಹಳ ಹೊತ್ತು ನೋಡಿದ. ನೋಡುತ್ತ ನೋಡುತ್ತ, ತನಗೇ ಅರಿವಿಲ್ಲದೆ, ಬಲಗೈ ಎಡ ಭುಜಕ್ಕೆ ಹೋಯಿತು.

ಬಟ್ಟೆಯ ಮೇಲೆ ಒಂದು ಕೈ, ಬಟ್ಟೆಯ ಮುಂದೆ ಒಂದು ಕೈ.

“ಅಯ್ಯೋ,” ಎಂದ ಸಣ್ಣಯ್ಯ ಕೊನೆಗೆ, “ತಲೆ ಎಂಗೆ ಹೊಳೀತದೆ ನೋಡ್ರಪ್ಪ!”

ಹಿಂದಿನಿಂದ ಗುಂಡಯ್ಯ ಎದ್ದು ಬಂದ. ಈ ಬಾರಿ ಯಾರ ದನಿಯನ್ನೂ ಅನುಕರಿಸಲಿಲ್ಲ. “ಮೇಷ್ಟ್ರೇ... ತಪ್ಪಾಯ್ತು. ನಾಳೆ ಪ್ರಾಕ್ಟೀಸು ಐತೆ. ನೀವು ಬರ್ದಿದ್ರೆ ನಾವು ಪರದೆ ಎತ್ತಕ್ಕಿಲ್ಲ.”

“ಎತ್ತೋದ್ ಇರ್ಲಿ ಕಣ್ಲಾ,” ಎಂದಳು ನಂಜಮ್ಮ, ಸೆರಗಿನಿಂದ ಮೂಗೊರೆಸುತ್ತ. “ಹಗ್ಗ ಎಳೆಯೋದು ಎಂಗೆ ಅಂತ ನಮ್ಮಣ್ಣನ್ನೇ ಕೇಳು. ಆರು ತಿಂಗ್ಳು ಎಳ್ದವ್ನೆ.”

ಜನ ಕರಗಿದ ಮೇಲೆ ಪುಟ್ಟಸ್ವಾಮಿ ಬಟ್ಟೆ ಇಳಿಸಿದ. ಒದ್ದೆ ಬಟ್ಟೆ; ಒಬ್ಬರ ಕೈಯಲ್ಲಿ ಮಡಿಸಲಾಗದು. ಇನ್ನೊಂದು ತುದಿಯನ್ನು ಕಾಮಾಕ್ಷಿ ಹಿಡಿದಳು.

“ಇನ್ನೂ ಕೋಪ ಇದೆಯಾ?”

“ಇದೆ. ನಂಗೆ ಬೇಗ ಹೋಗಲ್ಲ.”

ಒಂದು ಮಡಿಕೆ. ಇಬ್ಬರೂ ಎರಡು ಹೆಜ್ಜೆ ಹತ್ತಿರ ಬಂದರು.

“ಅವತ್ತು ನಿಮ್ಮ ಮಾತು ನಂಬದೆ ಅರಕಲಗೂಡಲ್ಲಿ ಬೈದೆ,” ಎಂದಳು. “ಅದೊಂದು ನನ್ನ ತಪ್ಪು.”

“ಅದಕ್ಕೂ ಮುಂಚೆ ನಿಮ್ಮ ಮಾತು ನಾನು ನಂಬಲಿಲ್ಲ. ಅದು ನನ್ನ ತಪ್ಪು.”

ಇನ್ನೊಂದು ಮಡಿಕೆ.

“ಕಾಮಾಕ್ಷಿ... ಮಹಡಿ ಕಿಟಕಿಯಿಂದ ನೀವು ‘ಸುಳ್ಳು’ ಅಂತ ಕೂಗಿದ್ರಲ್ಲ, ಅವತ್ತಿಂದ ಯಾವ ಊರಲ್ಲಿ ಆ ಚಿತ್ರ ಹಾಕಿದ್ರೂ ಆ ಕಿಟಕೀನೇ ನೋಡ್ತಾ ನಿಂತುಬಿಡ್ತೀನಿ. ಮುಂದಿನ ಮಾತೇ ಮರೆತುಹೋಗುತ್ತೆ. ನಿಮ್ಮಪ್ಪನ್ನ ಕೇಳ್ಲಾ?”

“ಮೊದಲು ನನ್ನ ಕೇಳಿ. ಎದುರಿಗೆ ನಿಂತು.”

ಕೊನೆಯ ಮಡಿಕೆ. ಈಗ ಅವರ ನಡುವೆ ಒಂದು ಮೊಳ ಬಟ್ಟೆ ಮಾತ್ರ ಇತ್ತು.

“ಎದುರಿಗೇ ಇದೀನಿ. ನನ್ನ ಮದುವೆ ಆಗ್ತೀರಾ?”

“ಸುಳ್ಳು ಹೇಳಿದಾಗೆಲ್ಲ ಕೂಗ್ತೀನಿ. ಸಭೇಲಿ ಆದ್ರೂ ಸರಿ.”

“ಕೂಗಿ.”

ಅವಳು ಬಟ್ಟೆಯ ತುದಿಗಳನ್ನು ಅವನ ಕೈಗಿಟ್ಟಳು. ಕೈ ಹಿಂದಕ್ಕೆ ತೆಗೆದುಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು.

“ಹಾಗಾದ್ರೆ ಕೇಳಿ,” ಎಂದಳು ತಲೆ ತಗ್ಗಿಸಿ. “ಅಪ್ಪ ಇಷ್ಟೊತ್ತಿಗೆ ಮನೆ ಜಗಲಿ ಮೇಲೇ ಇರ್ತಾರೆ.”

ಮದುವೆ ಶ್ರಾವಣದಲ್ಲಿ ಆಯಿತು. ಬಟ್ಟೆಯ ಹಿಂದೆ ಅಂದಿನಿಂದ ಹಂಡೆಗಳು ಮಾತ್ರ ಕೂತವು.