ಬಾಟಲಿಯ ಪಾಚಿ, ಬಸ್ಸಿನ ವಾಸನೆ

“ಯಾವನಲೇ ಅಂವ?” ಕಂಡಕ್ಟರ್ ಮೂಗಿಗೆ ಕರ್ಚೀಫು ಒತ್ತಿಕೊಂಡು ಕೂಗಿದ. “ಕಿಟಕಿ ತೆಗೀರಿ, ಎಲ್ಲಾ ತೆಗೀರಿ!”

ಸೇಡಂನಿಂದ ಶಹಾಬಾದಿನ ವಿಜ್ಞಾನ ಪ್ರದರ್ಶನಕ್ಕೆ ಹೊರಟಿದ್ದ ಆರನೇ ಕ್ಲಾಸಿನ ಮಕ್ಕಳೆಲ್ಲ ಒಟ್ಟಿಗೇ ಅಂಬರೇಶನತ್ತ ತಿರುಗಿದರು. ಬೆಳಿಗ್ಗೆಯಿಂದ ಅವನು ಜೇಬು ತುಂಬ ಪುಟಾಣಿ ಕಡಲೆ ಇಟ್ಟುಕೊಂಡು ಮುಕ್ಕುತ್ತಲೇ ಇದ್ದ.

“ನಾ ಅಲ್ರೀ!” ಎಂದ ಅಂಬರೇಶ.

ಯಾರು ನಂಬಬೇಕು? ಕಂಡಕ್ಟರ್ ಅವನನ್ನು ಹಿಂದಿನ ಸೀಟಿಗೆ ಅಟ್ಟಿದ.

ಭಾಗ್ಯಜ್ಯೋತಿ ತನ್ನ ಬ್ಯಾಗನ್ನು ಬಿಗಿಯಾಗಿ ತಬ್ಬಿಕೊಂಡಳು. ಅದರೊಳಗೆ ಪ್ರದರ್ಶನಕ್ಕೆಂದು ತುಂಬಿದ ಕೆರೆಯ ಪಾಚಿ ನೀರಿನ ಬಾಟಲಿ ಇತ್ತು. ತಮ್ಮ ಅದನ್ನು ಶರಬತ್ತೆಂದು ಕುಡಿದಾನು ಎಂದು ಹೆದರಿ, ಮುಚ್ಚಳ ಬಿಗಿದು ಮನೆಯ ಟ್ರಂಕಿನಲ್ಲಿ ಬಚ್ಚಿಟ್ಟಿದ್ದಳು. ಈಗ ಮುಚ್ಚಳದ ಸಂದಿಯಿಂದ ಗಾಳಿ ಸುಯ್ ಎನ್ನುತ್ತಿತ್ತು. ಅವಳು ಬ್ಯಾಗನ್ನು ಮೆಲ್ಲಗೆ ಸೀಟಿನ ಕೆಳಗೆ ತಳ್ಳಿದಳು.

ಶಹಾಬಾದಿನಲ್ಲಿ ಪ್ರದರ್ಶನದ ಮೇಜಿನ ಮೇಲೆ ಬಾಟಲಿ ಇಟ್ಟು ಮುಚ್ಚಳ ತಿರುವಿದಳು. ಬುಸ್!

“ಟೀಚರ್, ಪಾಚಿ ಸತ್ತದ್ರಿ. ಕತ್ತಲದಾಗ ಇಟ್ಟಿದ್ದೆ, ಗಾಳಿನೂ ಇರಲಿಲ್ಲ. ಚೆಲ್ಲಿ ಬರ್ತೀನಿ.”

“ತಡಿ.” ತಬಸ್ಸುಮ್ ಟೀಚರ್ ಒಂದು ಹನಿ ತೆಗೆದು ಮೈಕ್ರೋಸ್ಕೋಪಿನ ಕೆಳಗಿಟ್ಟರು. “ಈಗ ನೋಡು.”

ಒಂದೇ ಒಂದು ಕೋಶದ ಹಸಿರು ಗುಂಡುಗಳು! ಎರಡೆರಡು ಬಾಲ ಬಡಿಯುತ್ತ ಉರುಳಾಡುತ್ತಿದ್ದವು.

“ಆಕ್ಸಿಜನ್ ಇಲ್ದೆ ಹೆಂಗ ಬದುಕ್ಯಾವ್ರಿ?”

“ಬೆಳಕಿದ್ದಾಗ ಪಿಷ್ಟ ಮಾಡಿ ಹೊಟ್ಟ್ಯಾಗ ಕೂಡಿಟ್ಟಿರ್ತಾವ. ಆಕ್ಸಿಜನ್ ಸಿಗಲಿಲ್ಲಂದ್ರ ಅದನ್ನೇ ಒಡೆದು ಒಂದೀಟು ಶಕ್ತಿ ತಗೀತಾವ. ಆವಾಗ ಗ್ಯಾಸ್ ಬರ್ತದ. ದ್ವಾಸಿ ಹಿಟ್ಟು ಉಬ್ಬಲ್ಲೇನು? ಹೆಚ್ಚುಕಡಿಮಿ ಹಂಗೇ.”

“ಮತ್ತ ಈ ವಾಸನಿ?”

“ಅದು ನೀರಾಗ ಕೊಳೆತ ಎಲಿದು. ಕೆರಿಯಿಂದ ನೀನೇ ಬಾಚಿಕೊಂಡು ಬಂದೀದಿ!”

ಜನ ಬಂದರು. ಭಾಗ್ಯಜ್ಯೋತಿ ಎಲ್ಲರಿಗೂ ಪಟಪಟ ವಿವರಿಸಿದಳು. ಚಪ್ಪಾಳೆ ಬಿತ್ತು. ಆದರೆ ಅಂಬರೇಶ ಮಾತ್ರ ದೂರದ ಕಂಬಕ್ಕೆ ಒರಗಿ ನಿಂತಿದ್ದ. ಹತ್ತಿರ ಬಂದರೆ ಸಾಕು, ಹುಡುಗರು ಮೂಗು ಹಿಡಿದುಕೊಳ್ಳುತ್ತಿದ್ದರು. ಅವನ ಜೇಬಿನಲ್ಲಿ ಉಳಿದ ಪುಟಾಣಿ ಹಾಗೇ ಇತ್ತು. ಬಸ್ಸಿಳಿದ ಮೇಲೆ ಒಂದು ಕಾಳನ್ನೂ ಬಾಯಿಗೆ ಹಾಕಿರಲಿಲ್ಲ.

ಭಾಗ್ಯಜ್ಯೋತಿ ಬಾಟಲಿಯನ್ನು ಎತ್ತಿ ಹಿಡಿದಳು.

“ಏ ಅಂಬರೇಶ, ಇಲ್ಲಿ ಬಾ!” ಎಲ್ಲರಿಗೂ ಕೇಳುವಂತೆ ಕೂಗಿದಳು. “ಬಸ್ಸಿನ್ಯಾಗಿನ ವಾಸನಿ ನನ್ನ ಬಾಟ್ಲಿದು. ಅವಂದಲ್ಲ!”

ಹುಡುಗರು ಬಾಟಲಿ ಮೂಸಿ “ಯಪ್ಪಾ!” ಎಂದು ಓಡಿದರು.

ಅಂಬರೇಶ ಮೆಲ್ಲಗೆ ಹತ್ತಿರ ಬಂದ. ಅತ್ತಿತ್ತ ನೋಡಿ, ಅವಳ ಕಿವಿಯಲ್ಲಿ ಪಿಸುಗುಟ್ಟಿದ: “ಪೂರಾ ನಿಂದಲ್ಲ. ಸ್ವಲ್ಪ ನಂದೂ ಇತ್ತು.”

ಭಾಗ್ಯಜ್ಯೋತಿ ನಗು ನುಂಗಿಕೊಂಡಳು. ಅದನ್ನು ಯಾರಿಗೂ ಹೇಳಲಿಲ್ಲ. ಪಕ್ಕಕ್ಕೆ ಸರಿದು, ಸ್ಟೂಲಿನಲ್ಲಿ ಅವನಿಗೂ ಜಾಗ ಮಾಡಿಕೊಟ್ಟಳು.