ನಮ್ಮನೆಯವರಿಗೊಂದು ಗೇಮಿಂಗ್ ಕಂಪ್ಯೂಟರ್

"ಇದು ಬೇಡ ಮೇಡಂ."

ಅಷ್ಟು ಹೊತ್ತಿಗಾಗಲೇ ಅವಳ ತಲೆ ಕೆಟ್ಟು ಹೋಗಿತ್ತು. ಕೈಯಲ್ಲಿದ್ದ ಕಂಪ್ಯೂಟರಿನ ಖಾಲಿ ಕ್ಯಾಬಿನೆಟ್ಟನ್ನು ಕೌಂಟರಿನ ಮೇಲೆ ಕುಕ್ಕಿದಳು.

"ಅದೂ ಬೇಡ, ಇದೂ ಬೇಡ! ಇವನ್ನೆಲ್ಲ ಇಟ್ಟಿರೋದು ಮಾರೋಕಾ, ಇಲ್ಲ ಸುಮ್ನೆ ನೋಡೋಕಾ?"

ಕೌಂಟರಿನ ಆಚೆಗಿದ್ದವನು ನಕ್ಕ. ಭಾಗಗಳನ್ನು ಒಂದೊಂದಾಗಿ ಆರಿಸಿ, ಕಂಪ್ಯೂಟರ್ ಜೋಡಿಸಿಕೊಡುವುದು ಅವನ ಕೆಲಸ.

"ಗಾಜು, ಬಣ್ಣದ ಲೈಟು ಎಲ್ಲಾ ಚೆನ್ನಾಗಿದೆ ಮೇಡಂ. ಆದ್ರೆ ನೀವು ಆರಿಸಿರೋ ಗ್ರಾಫಿಕ್ಸ್ ಕಾರ್ಡ್ ಇದರೊಳಗೆ ಹಿಡಿಸಲ್ಲ. ಆ ಕಾರ್ಡಿಗೆ ಈ ಪವರ್ ಸಪ್ಲೈ ಸಾಲಲ್ಲ. ದೊಡ್ಡದು ಹಾಕೋಣ ಅಂದ್ರೆ ನಿಮ್ಮ ಬಜೆಟ್ ಸಾಲಲ್ಲ."

'ಹಿಡಿಸಲ್ಲ, ಸಾಲಲ್ಲ, ಬೇಡ! ಇವನ ಬಾಯಲ್ಲಿ ಬೇರೆ ಮಾತೇ ಬರಲ್ವಾ? ಬೇಡಪ್ಪ ಅಂತ ಹೆಸರಿಡಬೇಕು ಇವನಿಗೆ!'

ಹಾಗೆ ಅವಳ ಮನಸ್ಸಿನಲ್ಲಿ ಅವನು ಅಂದಿನಿಂದ ಬೇಡಪ್ಪನಾದ.

ಅವಳು ಕೆಲಸ ಮಾಡುತ್ತಿದ್ದದ್ದು ಕನ್ನಡಕದ ಅಂಗಡಿಯಲ್ಲಿ. ಗೋಡೆಯಲ್ಲಿರುವ ಫ್ರೇಮುಗಳನ್ನೆಲ್ಲ ಮೂಗಿಗೇರಿಸಿಕೊಂಡು ನೋಡಿ, "ನಾಳೆ ಬರ್ತೀವಿ" ಎಂದು ಹೊರಟುಬಿಡುವವರನ್ನು ದಿನವಿಡೀ ನಗುತ್ತಲೇ ಸಂಭಾಳಿಸುತ್ತಿದ್ದಳು. ನುಂಗಿಕೊಂಡ ಸಿಟ್ಟೆಲ್ಲ ಅಂಗಡಿಯ ಹೊರಗೆ! ಅಪ್ಪ ಅವಳನ್ನು ಕಿಡಿ ಎಂದು ಕರೆಯುತ್ತಿದ್ದದ್ದು ಸುಮ್ಮನೆ ಅಲ್ಲ.

"ಯಾರಿಗೆ ಮೇಡಂ ಇದು? ತಮ್ಮನಿಗಾ?"

ಕಿಡಿಯ ಮುಖ ಬಿಗಿಯಿತು. ಇದಕ್ಕೆ ಮುಂಚೆ ಹೋಗಿದ್ದ ಕಂಪ್ಯೂಟರ್ ಅಂಗಡಿಯಲ್ಲಿ ನಿಜ ಹೇಳಿದ್ದಕ್ಕೆ ಅಲ್ಲಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಕಿಸಕ್ಕೆಂದು ನಕ್ಕಿದ್ದರು. 'ಈ ವಯಸ್ಸಲ್ಲಿ ಗೇಮಾ?' ಎಂದು ಒಬ್ಬ ಕೇಳಿಯೂ ಬಿಟ್ಟಿದ್ದ. ಆ ಅವಮಾನ ಇನ್ನೊಮ್ಮೆ ಬೇಡ.

"ನಮ್ಮನೆಯವರಿಗೆ! ಯಾರಿಗಾದ್ರೆ ನಿಮಗೇನು?"

"ಓ... ಸರಿ," ಎಂದ ಬೇಡಪ್ಪ. ಅವನ ನಗು ಮೆಲ್ಲಗೆ ಆರಿತು.

ಮನೆಯವರು ಎಂದರೆ ಮನೆಯ ಮಂದಿ ಎಂಬುದು ಅವಳ ಲೆಕ್ಕ. ಹೆಂಗಸೊಬ್ಬಳು ಆಡಿದಾಗ ಆ ಮಾತಿಗೆ ಬರುವ ಇನ್ನೊಂದು ಅರ್ಥ ಸಿಟ್ಟಿನ ಭರದಲ್ಲಿ ಅವಳಿಗೆ ಹೊಳೆಯಲೇ ಇಲ್ಲ. ಅವನಿಗೆ ಹೊಳೆದದ್ದು ಅದೊಂದೇ!

ಕಂಪ್ಯೂಟರ್ ಬೇಕಾಗಿದ್ದದ್ದು ಅವಳ ಅಪ್ಪನಿಗೆ. ಬದುಕಿಡೀ ಬಸ್ ಓಡಿಸಿದ ಮನುಷ್ಯ. ಒಂದು ಕಣ್ಣಿನ ದೃಷ್ಟಿ ಪೂರ್ತಿ ಹೋಗಿ, ಇನ್ನೊಂದು ಮಬ್ಬಾದ ಮೇಲೆ ಲೈಸೆನ್ಸೂ ಹೋಯಿತು. ಈಗ ಕಿಟಕಿಯ ಪಕ್ಕ ಕೂತು ಬೀದಿಯ ಬಸ್ಸುಗಳ ಸದ್ದು ಕೇಳುವುದೇ ಕೆಲಸ. "ಅಯ್ಯೋ ಪುಣ್ಯಾತ್ಮ, ಎರಡನೇ ಗೇರಲ್ಲೇ ಎಳೀತಿದ್ದೀಯಲ್ಲೋ!" ಎಂದು ಕಾಣದ ಡ್ರೈವರಿಗೆ ಬೈಯುತ್ತಿದ್ದರು.

ಒಂದು ದಿನ ಅವಳ ಫೋನಿನಲ್ಲಿ ಬಸ್ ಓಡಿಸುವ ಆಟವೊಂದರ ವಿಡಿಯೋ ನೋಡಿದರು. ಎದುರಿಗೆ ರಸ್ತೆ, ಕೈಯಲ್ಲಿ ನಿಜವಾದ ಸ್ಟೀರಿಂಗು, ಕಾಲ ಕೆಳಗೆ ಬ್ರೇಕು.

"ಇದನ್ನ... ನಾನೂ ಓಡಿಸಬಹುದೇನಮ್ಮಾ?"

ಅಪ್ಪ ಅವಳನ್ನು ಏನನ್ನೂ ಕೇಳಿದವರಲ್ಲ. ಅವತ್ತೇ ಅವಳು ತೀರ್ಮಾನಿಸಿದ್ದಳು.

ಆದರೆ ತೀರ್ಮಾನ ಮಾಡಿದಷ್ಟು ಸುಲಭವೇ? ಪ್ರೊಸೆಸರ್ ಒಪ್ಪಿಗೆಯಾದರೆ ಅದಕ್ಕೆ ಹೊಂದುವ ಮದರ್‌ಬೋರ್ಡ್ ಇರಲಿಲ್ಲ. ಬೋರ್ಡ್ ಬರುವಷ್ಟರಲ್ಲಿ ಕಾರ್ಡಿನ ಬೆಲೆ ಏರಿತ್ತು. ಒಂದನ್ನು ಇಳಿಸಿದರೆ ಇನ್ನೊಂದು ಏರುತ್ತಿತ್ತು. ಶನಿವಾರ ಬಂತೆಂದರೆ ಅಂಗಡಿ, ಅಂಗಡಿ ಎಂದರೆ ಜಗಳ!

ಜಗಳದ ನಡುವೆಯೇ ಇನ್ನೇನೋ ಶುರುವಾಗಿತ್ತು. ಅವಳಿಗಾಗಿ ಬೇಡಪ್ಪ ಊರೆಲ್ಲ ಸುತ್ತಿ, ಒಮ್ಮೆ ಬಳಸಿದ ಒಳ್ಳೆಯ ಸ್ಟೀರಿಂಗ್ ಸೆಟ್ ಒಂದನ್ನು ಹುಡುಕಿ ತಂದಿದ್ದ. ಅವಳು ಬೈಯುತ್ತಿದ್ದರೆ ತುಟಿ ಕಚ್ಚಿ ನಗು ತಡೆಯುತ್ತಿದ್ದ. ಅವಳೂ ನಕ್ಕುಬಿಡುತ್ತಿದ್ದಳು. ಆದರೆ ಇಬ್ಬರೂ ನಕ್ಕ ಮರುಗಳಿಗೆಗೆ ಅವನು ಏನೋ ನೆನಪಾದವನಂತೆ ಮುಖ ತಿರುಗಿಸುತ್ತಿದ್ದ.

'ಯಾಕೆ ಹೀಗೆ ಇವನು? ಈಗಿದ್ದ ಹಾಗೆ ಇನ್ನೊಂದು ಕ್ಷಣಕ್ಕಿಲ್ಲ!'

ಕೊನೆಗೆ ಹೊತ್ತಿಕೊಂಡದ್ದು ಮಾನಿಟರಿನ ವಿಷಯಕ್ಕೆ.

"ನನಗೆ ದೊಡ್ಡ ಪರದೇನೇ ಬೇಕು."

"ಮೇಡಂ, ರೇಸ್ ಆಟಕ್ಕೆ ವೇಗ ಮುಖ್ಯ. ಕಾರ್ಡಿಗೆ ದುಡ್ಡು ಹಾಕಿ, ಪರದೆ ಚಿಕ್ಕದಾದ್ರೂ ನಡೆಯುತ್ತೆ. ಅವರನ್ನೇ ಒಂದ್ಸಲ ಕರ್ಕೊಂಡು ಬನ್ನಿ. ನಾನು ವಿವರಿಸ್ತೀನಿ."

"ಅವರು ಬರಲ್ಲ."

"ಎಲ್ಲದಕ್ಕೂ ನಿಮ್ಮನ್ನೇ ಓಡಾಡಿಸ್ತಾರಲ್ಲ... ಒಂದು ದಿನ ಅವರೇ ಬಂದ್ರೆ ಏನಂತೆ?"

"ಅವರ ಬಗ್ಗೆ ಒಂದು ಮಾತೂ ಆಡಬೇಡಿ!" ಅವಳ ಕಣ್ಣಲ್ಲಿ ನೀರು ಚಿಮ್ಮಿತು. "ನಿಮಗೇನು ಗೊತ್ತು ಅವರ ಕಷ್ಟ?"

ಬೇಡಪ್ಪನ ಮುಖ ಬಾಡಿತು. "ತಪ್ಪಾಯ್ತು. ಇನ್ನು ಮುಂದೆ ನಿಮ್ಮ ಕೆಲಸ ನಮ್ಮ ಓನರ್ರೇ ನೋಡ್ಕೋತಾರೆ," ಎಂದು ಒಳಗೆ ಹೋದವನು ತಿರುಗಿ ಬರಲಿಲ್ಲ.

ರೋಸಿಹೋಗಿ ಅವಳು ಚಿಕ್ಕ ಪರದೆಗೇ ಹೂಂ ಅಂದಳು. ಮನೆ ಸೇರುವವರೆಗೂ ಅತ್ತಳು. ಯಾತಕ್ಕೆ ಅಳು? ಪರದೆಗಾ, ಅವನಿಗಾ? ಅದೂ ಗೊತ್ತಾಗದೆ ಇನ್ನಷ್ಟು ಸಿಟ್ಟು ಬಂತು.

ಕಂಪ್ಯೂಟರ್ ಮನೆಗೆ ಬಂತು. ಓನರ್ ಕಳಿಸಿದವರು ತಂತಿ ಸಿಕ್ಕಿಸಿಟ್ಟು ಹೋದರು. ಆಟವೇನೋ ಶುರುವಾಯಿತು. ಆದರೆ ಅಪ್ಪ ಸ್ಟೀರಿಂಗ್ ಹಿಡಿದು, ಪರದೆಗೆ ಮೂಗು ತಾಗುವಷ್ಟು ಬಾಗಿ, ರಸ್ತೆಯಂಚಿನ ಗೋಡೆಗೆ ಬಸ್ಸನ್ನು ಗುದ್ದಿದರು. ಮತ್ತೆ ಗುದ್ದಿದರು.

"ಚೆನ್ನಾಗಿದೆಯಮ್ಮಾ... ತುಂಬಾ ಚೆನ್ನಾಗಿದೆ," ಎಂದು ಸ್ಟೀರಿಂಗ್ ಬಿಟ್ಟು ಕಿಟಕಿಯ ಹತ್ತಿರ ಹೋಗಿ ಕೂತರು.

ಅವಳಿಗೆ ತಡೆಯಲಾಗಲಿಲ್ಲ. ಫೋನ್ ತೆಗೆದು ಬೇಡಪ್ಪನಿಗೇ ಹಚ್ಚಿದಳು. "ಬಂದು ನೋಡಿ, ನೀವು ಕೊಡಿಸಿದ ಪರದೆ ಎಷ್ಟು ಚೆನ್ನಾಗಿದೆ ಅಂತ!"

ಸ್ವಲ್ಪ ಹೊತ್ತಿಗೆ ಅವನು ಬಾಗಿಲಲ್ಲಿದ್ದ. ಬಾಗಿಲು ತೆರೆದದ್ದು ಅಪ್ಪ.

"ಕಂಪ್ಯೂಟರ್ ನೋಡೋಕೆ ಬಂದೆ ಸರ್. ಮೇಡಂ ಅವರ ಯಜಮಾನರು ಇದ್ದಾರಾ?"

"ಯಜಮಾನರಾ?" ಅಪ್ಪ ಗಹಗಹಿಸಿ ನಕ್ಕರು. "ಇವಳಿಗಾ? ಇವಳನ್ನ ಕಟ್ಟಿಕೊಳ್ಳೋ ಗಂಡೆದೆ ಯಾರಿಗಪ್ಪಾ ಇದೆ!"

"ಅಪ್ಪಾ!" ಎಂದು ಕಿರುಚಿಕೊಂಡೇ ಕಿಡಿ ಹೊರಗೆ ಬಂದಳು. "ಯಾವ ಯಜಮಾನರು? ನಾನ್ಯಾವಾಗ ಹಾಗಂದೆ?"

"ನಮ್ಮನೆಯವರಿಗೆ ಅಂದ್ರಲ್ಲ..."

ಆ ಮುಖ ತಿರುಗಿಸುವಿಕೆ, ಆ ಬಿಗುಮಾನ... ಎಲ್ಲವೂ ಅವಳಿಗೆ ಒಟ್ಟಿಗೆ ಅರ್ಥವಾಯಿತು. ಕಿವಿಯವರೆಗೂ ಕೆಂಪಾದಳು.

ಅವನು ಮಾತ್ರ ಆಗಲೇ ಸ್ಟೀರಿಂಗನ್ನೂ, ಅಪ್ಪನ ಮಬ್ಬಾದ ಕಣ್ಣನ್ನೂ, ಆ ಚಿಕ್ಕ ಪರದೆಯನ್ನೂ ನೋಡುತ್ತಿದ್ದ.

"ಒಂದು ಮಾತು ಹೇಳಿದ್ರೆ ಆಗ್ತಿರಲಿಲ್ವಾ?" ಎಂದ ಮೆಲ್ಲಗೆ.

"ನಗ್ತೀರೇನೋ ಅನ್ಕೊಂಡೆ."

"ನಾನಾ?"

ಅವನ ದನಿಯಲ್ಲಿ ನಿಜವಾದ ನೋವಿತ್ತು. ಪರದೆ ಬಿಚ್ಚಿದ, ಕಾರ್ಡನ್ನೂ ಬಿಚ್ಚಿದ. ಎರಡನ್ನೂ ಕಂಕುಳಲ್ಲಿ ಇರುಕಿಕೊಂಡು ಹೊರಟೇಬಿಟ್ಟ.

ಸಂಜೆ ತಿರುಗಿ ಬಂದಾಗ ಅವನ ಕೈಯಲ್ಲಿ ತೋಳಿಗೆ ಹಿಡಿಸದಷ್ಟು ಅಗಲದ ಡಬ್ಬವಿತ್ತು. ಅಷ್ಟು ದುಬಾರಿ ಕಾರ್ಡ್ ಬಸ್ ಓಡಿಸುವ ಆಟಕ್ಕೆ ಬೇಕಾಗಿಯೇ ಇರಲಿಲ್ಲವಂತೆ. ಅದನ್ನು ಕೊಟ್ಟು ಸಾಧಾರಣದ್ದು ತಂದರೆ, ಉಳಿದದ್ದರಲ್ಲಿ ದೊಡ್ಡ ಪರದೆ ಬಂತಂತೆ. ಬಿಚ್ಚಿದ ಮಾಲು ವಾಪಸು ತಂದದ್ದಕ್ಕೆ ಓನರ್ ಹತ್ತಿರ ಮುಖಕ್ಕೆ ಮಂಗಳಾರತಿಯೂ ಆಯಿತಂತೆ.

ಈ ಸಲ ಅಪ್ಪ ಬೆನ್ನು ನೆಟ್ಟಗೆ ಮಾಡಿ ಕೂತರು. ಗೇರು ಬದಲಾಯಿತು. ಬಸ್ಸು ತಿರುವಿನಲ್ಲಿ ನಯವಾಗಿ ಹೊರಳಿ ಸೇತುವೆ ಹತ್ತಿತು. ಅಪ್ಪ ಓಡಿಸುತ್ತಲೇ ಇದ್ದರು. ಒಂದು ಹನಿ ಅವರ ಗಲ್ಲದವರೆಗೂ ಇಳಿಯಿತು.

ಅವಳು ಅಡುಗೆಮನೆಗೆ ಸರಿದು ಕಣ್ಣೊರೆಸಿಕೊಂಡಳು. ಹಿಂದೆಯೇ ಅವನು ಬಂದು ಬಾಗಿಲಿಗೊರಗಿ ನಿಂತ.

"ಅವತ್ತು ನಿಮ್ಮ ಕೆಲಸ ಬಿಟ್ಟದ್ದು ಸಿಟ್ಟಿಗಲ್ಲ."

"ಮತ್ತೆ?"

"ಇನ್ನೊಬ್ಬರ ಹೆಂಡತಿ ಬರೋ ಶನಿವಾರಕ್ಕೆ ಸೋಮವಾರದಿಂದಲೇ ಕಾಯ್ತಿದ್ದೆ. ನನ್ನ ಮೇಲೆ ನನಗೇ ಅಸಹ್ಯ ಆಯ್ತು."

ಅವಳು ಸರ್ರನೆ ಅವನತ್ತ ತಿರುಗಿದಳು. "ಇಷ್ಟು ದಿನ ನನ್ನನ್ನ ಅಳಿಸಿದ್ರಲ್ಲ..."

"ನೀವು ಅತ್ರಾ?"

"ಊಹೂಂ. ಕನ್ನಡಕದ ಅಂಗಡಿಯವಳು ನಾನು, ಕಣ್ಣು ತೊಳ್ಕೊಂಡೆ ಅಷ್ಟೇ!"

ಇಬ್ಬರೂ ನಕ್ಕರು. ಈ ಬಾರಿ ಅವನು ಮುಖ ತಿರುಗಿಸಲಿಲ್ಲ.

"ನಾಳೆ ನಮ್ಮ ಅಂಗಡಿಗೆ ರಜೆ," ಎಂದ. "ಎಲ್ಲಾದ್ರೂ ಹೋಗೋಣ್ವಾ? ಸುಮ್ನೆ... ನಡ್ಕೊಂಡು?"

ಅವಳು ಎರಡು ಲೋಟ ತೊಳೆದಳು, ಒರೆಸಿದಳು. ಒರೆಸಿದ್ದನ್ನೇ ಮತ್ತೆ ಒರೆಸಿದಳು.

"ಸಂಜೆ ಬನ್ನಿ," ಎಂದಳು. ಆಮೇಲೆ ತಲೆ ತಗ್ಗಿಸಿ, ಅವನಿಗಷ್ಟೇ ಕೇಳುವ ಹಾಗೆ, "ಬನ್ನಿ ಅಲ್ಲ... ಬಾ."

"ಬರ್ತೀನಿ ಕಣೇ," ಎಂದ ಅವನು.