ಉತ್ತರದ ಗೋಡೆ

ಕೆಲಸಕ್ಕೆ ಸೇರಿದ ಮೊದಲ ದಿನವೇ ಆನ್ಸೆಲ್ಮ್ ಎಲ್ಲರೆದುರು ರೊಸಲಿನ್‌ಳ ನಕ್ಷೆಯಲ್ಲಿ ತಪ್ಪು ತೋರಿಸಿದ. ಅವಳ ಮುಖ ಕೆಂಪೇರಿತು. ಸಂಜೆ ಅವನೇ ಚಹಾ ತಂದಿಟ್ಟು ಕ್ಷಮೆ ಕೇಳಿದಾಗ ಸಿಟ್ಟು ಉಳಿಯಲಿಲ್ಲ...

ದುಬೈ ಸಿಲಿಕಾನ್ ಓಯಸಿಸ್ ಬಡಾವಣೆಯ ಆ ಕಚೇರಿಯಲ್ಲಿ ದೂರದ ದೇಶಗಳ ಹಳೆಯ ಕಟ್ಟಡಗಳ ನಕ್ಷೆ ತಯಾರಾಗುತ್ತಿತ್ತು. ೨೦೧೪ರಲ್ಲಿ ಅವರಿಬ್ಬರ ಪಾಲಿಗೆ ಬಂದದ್ದು ಕೆನಡಾದ ಉತ್ತರದಲ್ಲಿ, ಸರೋವರದ ದಡದಲ್ಲಿದ್ದ ನೂರು ವರ್ಷದ ಮರದ ಮನೆ. ಊರವರು ದಿಮ್ಮಿಗಳನ್ನು ಬಿಚ್ಚಿ, ಕೊಳೆತದ್ದನ್ನು ಬದಲಿಸಿ, ನಕ್ಷೆಯಲ್ಲಿ ಪ್ರತಿ ದಿಮ್ಮಿಗೂ ಹಾಕಿದ ನಂಬರಿನಂತೆ ಮತ್ತೆ ಜೋಡಿಸಬೇಕಿತ್ತು.

ಆ ಮನೆಯ ಫೋಟೊಗಳನ್ನು ನೋಡುತ್ತಾ ಇಬ್ಬರೂ ಹತ್ತಿರವಾದರು. ಬಾಯಿಬಿಟ್ಟು ಯಾರೂ ಹೇಳಲಿಲ್ಲ, ಅಷ್ಟೇ.

ಅಕ್ಟೋಬರಿನಲ್ಲಿ ಆ ಊರಿನಿಂದ ಪತ್ರ ಬಂತು. ನಂಬರಿನಂತೆ ಜೋಡಿಸಿದರೆ ಉತ್ತರದ ಗೋಡೆ ಕೂಡುತ್ತಿಲ್ಲ, ಮನೆಯ ಮಾಡು ಏರುವ ಮೊದಲೇ ಹಿಮ ಬೀಳತೊಡಗಿದೆ.

ಆ ಗೋಡೆಯ ನಂಬರ್ ಯಾರು ಹಾಕಿದ್ದೆಂದು ಮ್ಯಾನೇಜರ್ ಕೇಳಿದರು. ಹಾಕಿದ್ದು ರೊಸಲಿನ್. ಆ ವಾರವೇ ಅವಳ ಬಡ್ತಿ ಆಗುವುದಿತ್ತು. ಅವಳು ನಕ್ಷೆಯತ್ತ ತಲೆ ತಗ್ಗಿಸಿದಳು.

ಆನ್ಸೆಲ್ಮ್ ಅವಳನ್ನೊಮ್ಮೆ ನೋಡಿದ. "ಅದು ನಂದೇ ಸರ್."

ಅವನ ಕೆಲಸ ಹೋಯಿತು. ದೂರದ ಎಣ್ಣೆ ಪಟ್ಟಣ ರುವೈಸ್‌ನಲ್ಲಿ ಬೇರೆ ಕೆಲಸ ಸಿಕ್ಕಿತೆಂದು ಯಾರೋ ಹೇಳಿದರು. ರೊಸಲಿನ್ ಬಡ್ತಿ ಪಡೆದಳು, ಆದರೆ ಫೋನ್ ಮಾಡುವ ಮುಖ ಅವಳಿಗಿರಲಿಲ್ಲ. 'ನನ್ನ ಹೆಸರು ಕೇಳಿದರೂ ಅವನಿಗೆ ಅಸಹ್ಯವಾಗಬಹುದು...'

ಡಿಸೆಂಬರಿನಲ್ಲಿ, ಆ ಮನೆಯಲ್ಲೇ ಹುಟ್ಟಿದ ಅಜ್ಜಿಯೊಬ್ಬಳು ಕಚೇರಿಗೆ ಬರೆದಳು. ಮನೆಗೆ ಟಾರ್ಪಾಲು ಹೊದಿಸಿದ್ದೇವೆ, ತಪ್ಪು ಯಾರಿಗೂ ಆಗುತ್ತದೆ, ದಯವಿಟ್ಟು ನಕ್ಷೆ ಮಾಡಿದವರನ್ನು ಕೆಲಸದಿಂದ ತೆಗೆಯಬೇಡಿ.

ರೊಸಲಿನ್ ಆ ಪತ್ರ ಹಿಡಿದೇ ಮ್ಯಾನೇಜರ್ ಬಳಿ ಹೋಗಿ ಎಲ್ಲವನ್ನೂ ಹೇಳಿದಳು. ಬಡ್ತಿ ಹೋಯಿತು. ಅಜ್ಜಿಗೂ ನಿಜ ಬರೆದು, ತಿದ್ದಿದ ನಕ್ಷೆ ಕಳಿಸಿದಳು. ಬೇಸಿಗೆಯಲ್ಲಿ ಗೋಡೆ ಸರಿಪಡಿಸುವೆವೆಂದು ಉತ್ತರ ಬಂತು.

ಶುಕ್ರವಾರದ ರಜೆಗೆ ಬಸ್ ಹತ್ತಿ ರುವೈಸ್‌ಗೆ ಹೋದಳು. ಕಂಪನಿ ಕ್ವಾರ್ಟರ್ಸ್ ಗೇಟಿನ ಬಳಿ ಆನ್ಸೆಲ್ಮ್ ಎದುರು ನಿಂತಾಗ ತಲೆ ಎತ್ತಲಾಗಲಿಲ್ಲ.

"ಆ ನಂಬರ್ ಹಾಕಿದ್ದು ನಾನು. ತಪ್ಪು ನಿನ್ನ ಮೇಲೆ ಬಂದಾಗ ಸುಮ್ಮನೆ ಕೂತೆ. ಆಫೀಸಲ್ಲಿ ಹೇಳಿ ಬಂದಿದ್ದೇನೆ."

"ನಂಗೆ ಅವತ್ತೇ ಗೊತ್ತಿತ್ತು."

"ಮತ್ತೆ ಯಾಕೆ ಹಾಗೆ ಹೇಳಿದ್ದು?"

"ನಿನ್ನ ಹೆದರಿದ ಮುಖ ನೋಡ್ಲಿಕ್ಕೆ ಆಗ್ಲಿಲ್ಲ." ಅವನು ಗೇಟಿಗೆ ಒರಗಿ ಹೇಳಿದ, "ಕೆಲಸ ಹೋದದ್ದಕ್ಕೆ ಬೇಜಾರಿಲ್ಲ. ಮರುದಿನವಾದ್ರೂ ಫೋನ್ ಮಾಡ್ತಿ ಅಂತ ಕಾದೆ. ನಿಂಗೆ ನಾನು ಬೇಡ ಅಂತಲೇ ಅಂದ್ಕೊಂಡೆ."

ಅವಳ ಕಣ್ಣು ತುಂಬಿತು. "ನೀನಂದ್ರೆ ಇಷ್ಟ ಅಂತ ಹೇಳ್ಲಿಕ್ಕೂ ಈಗ ನಾಚಿಕೆ ಆಗ್ತದೆ..."

"ನಾಚಿಕೆ ಆದ್ರೂ ಹೇಳು. ನಿನ್ನ ಬಸ್ಸಿಗೆ ಇನ್ನೂ ಎರಡು ಗಂಟೆ ಉಂಟು."

ಅವಳು ಮುಖವೆತ್ತಿ ಹೇಳಿದಳು.